ಕೊಟೇಶನ್‌ಗೆ ಸಹಿ ಹಾಕೋ ಮೊದಲು ಮಾಳಿಗೆ ಹತ್ತಿ ನೋಡಿ

ಹೋದ ವಾರ ಹಾವೇರಿಯಿಂದ ಚಿಗವ್ವನ ಮಗ ಫೋನ್ ಮಾಡಿದ್ದ. "ಅಕ್ಕಾ, ಸೋಲಾರ್ ಕೊಟೇಶನ್ ಬಂದೈತಿ. ಐದು ಕಿಲೋವ್ಯಾಟ್. ನಾಳೆ ಅಡ್ವಾನ್ಸ್ ಕೊಡ್ಲೇನು?"

"ಅವ್ರು ಮಾಳಗಿ ಹತ್ತಿ ನೋಡ್ಯಾರೇನು?" ಅಂತ ಕೇಳಿದೆ.

"ಇಲ್ಲಕ್ಕ. ಮನಿ ಅಳತಿ ಕೇಳಿದ್ರು, ಬಿಲ್ಲಿನ ಫೋಟೋ ಕಳ್ಸ್ರಿ ಅಂದ್ರು. ಅಷ್ಟ."

ಅಡ್ವಾನ್ಸ್ ಕೊಡಬೇಡ, ಒಂದು ವಾರ ತಡಿ ಅಂದೆ. ಫೋನಲ್ಲಿ ಎಲ್ಲ ಹೇಳೋಕೆ ಆಗಲಿಲ್ಲ. ಅವನಿಗೆ ಹೇಳಬೇಕಾದ್ದನ್ನ ಇಲ್ಲೇ ಬರೆದುಬಿಡ್ತೀನಿ, ಇನ್ನೂ ನಾಲ್ಕು ಜನಕ್ಕೆ ಉಪಯೋಗ ಆಗಬಹುದು.

ಮೊದಲೇ ಒಂದು ಮಾತು. ನಾನು ಸೋಲಾರ್ ಬೇಡ ಅನ್ನೋಳಲ್ಲ. ಹುಬ್ಬಳ್ಳಿ ನವನಗರದ ನಮ್ಮ ಮನೆ ಮೇಲೆ 2024ರ ಮೇ ತಿಂಗಳಿಂದ 3 ಕಿಲೋವ್ಯಾಟ್ ಇದೆ. ಸಬ್ಸಿಡಿ ಕಳೆದು ನಮ್ಮ ಕೈಯಿಂದ ಹೋಗಿದ್ದು 1,17,000 ರೂಪಾಯಿ. ಮೊದಲು ತಿಂಗಳಿಗೆ ಎರಡು ಸಾವಿರದ ಹತ್ತಿರ ಬರ್ತಿದ್ದ ಬಿಲ್ಲು ಈಗ ಕೆಲವು ನೂರಕ್ಕೆ ಇಳಿದಿದೆ, ಅದೂ ಹೆಚ್ಚಾಗಿ ನಿಗದಿತ ಶುಲ್ಕ. ಸೋಲಾರ್ ಹಾಕಿಸಿದರೂ ನಿಗದಿತ ಶುಲ್ಕ ಹೋಗೋದಿಲ್ಲ, ಇದನ್ನ ಮಾರೋಕೆ ಬಂದವರು ಹೇಳೋದಿಲ್ಲ. ಹಾಕಿಸಿದ್ದಕ್ಕೆ ನನಗೆ ಬೇಜಾರಿಲ್ಲ. ಆದರೆ ಮಾಳಿಗೆಯನ್ನ ಸರಿಯಾಗಿ ನೋಡದೆ ಹಾಕಿಸಿದ್ದಕ್ಕೆ ಎರಡು ಸಲ ದುಡ್ಡು ಕೊಟ್ಟಿದ್ದೀನಿ, ಅದನ್ನ ಹೇಳಬೇಕು.

ನಮ್ಮ ಮಾಳಿಗೆ ನೋಡೋಕೆ ಹುಡುಗ ಬಂದದ್ದು ಮೇ ಮೊದಲ ವಾರ, ಮಧ್ಯಾಹ್ನ ಹನ್ನೆರಡೂವರೆಗೆ. ಟೇಪ್ ಹಿಡಿದು ಅಳೆದ. ನೆರಳೇ ಇಲ್ಲ ಮೇಡಂ, ಫಸ್ಟ್ ಕ್ಲಾಸ್ ಜಾಗ ಅಂದ. ಅವನು ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ನೆರಳು ಇರಲಿಲ್ಲ. ಹುಬ್ಬಳ್ಳಿ ಇರೋದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಹಾಗಾಗಿ ಮೇ ಶುರುವಿನಲ್ಲಿ ನಡು ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿ ಮೇಲೇ ಇರ್ತಾನೆ, ಯಾವ ವಸ್ತುವಿನ ನೆರಳಾದರೂ ಅದರ ಕಾಲ ಬುಡಕ್ಕೇ ಬೀಳುತ್ತೆ. ಡಿಸೆಂಬರ್‌ನಲ್ಲಿ ಕಥೆ ಬೇರೆ. ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಮಧ್ಯಾಹ್ನವೂ 51-53 ಡಿಗ್ರಿ ಎತ್ತರಕ್ಕಿಂತ ಮೇಲೆ ಬರೋದಿಲ್ಲ. ಹತ್ತು ಅಡಿ ಎತ್ತರದ ಟ್ಯಾಂಕಿನ ನೆರಳು ಮಧ್ಯಾಹ್ನಕ್ಕೇ ಎಂಟು ಅಡಿ ಉತ್ತರಕ್ಕೆ ಚಾಚಿಕೊಳ್ಳುತ್ತೆ, ಸಂಜೆ ನಾಲ್ಕಕ್ಕೆ ಇಪ್ಪತ್ತು ಅಡಿ ದಾಟುತ್ತೆ.

ನಮ್ಮಲ್ಲಿ ಟ್ಯಾಂಕ್ ಎಲ್ಲಿರುತ್ತೆ ಹೇಳಿ? ನೈಋತ್ಯ ಮೂಲೆಯಲ್ಲಿ, ಅಲ್ವಾ? ವಾಸ್ತು ನೋಡಿ ಕಟ್ಟಿದ ಮನೆಗಳಲ್ಲೆಲ್ಲ ಭಾರ ಆ ಮೂಲೆಗೇ. ಅವಳಿ ನಗರದ ಬಹಳಷ್ಟು ಕಡೆ ನಲ್ಲಿ ನೀರು ದಿನಾ ಬರದೆ ಎಷ್ಟೋ ವರ್ಷ ಆಯ್ತು, ಆದ್ದರಿಂದ ಒಂದು ಸಿಂಟೆಕ್ಸ್ ಇರೋ ಮನೆಯಲ್ಲಿ ಈಗ ಎರಡು ಇವೆ. ನಮ್ಮ ಮನೆಯಲ್ಲೂ ಎರಡು, ಕಬ್ಬಿಣದ ಸ್ಟ್ಯಾಂಡ್ ಮೇಲೆ, ಅದೇ ಮೂಲೆಗೆ. ಮಧ್ಯಾಹ್ನದ ಮೇಲೆ ಸೂರ್ಯ ನೈಋತ್ಯದಲ್ಲೇ ಇರ್ತಾನಲ್ಲ, ಅಂದರೆ ಚಳಿಗಾಲದ ಪ್ರತಿ ಮಧ್ಯಾಹ್ನ ಆ ಎರಡೂ ಟ್ಯಾಂಕಿನ ನೆರಳು ಮಾಳಿಗೆಯ ನಡುವಿಗೇ ಬಂದು ಬೀಳುತ್ತೆ.

ಡಿಸೆಂಬರ್‌ನಲ್ಲಿ ಎಷ್ಟು ಕರೆಂಟ್ ಬರ್ತಿದೆ ಅಂತ ತೋರಿಸೋ ಆ್ಯಪ್ ನೋಡಿದರೆ ಎರಡು ಗಂಟೆ ಆಗ್ತಿದ್ದ ಹಾಗೇ ಗ್ರಾಫ್ ಕುಸಿದು ಬೀಳ್ತಿತ್ತು. ಮೊದಲು ಇನ್ವರ್ಟರ್, ಅಂದರೆ ಪ್ಯಾನೆಲ್ ಕರೆಂಟನ್ನ ಮನೆ ಕರೆಂಟಾಗಿ ಬದಲಿಸೋ ಪೆಟ್ಟಿಗೆ, ಕೆಟ್ಟಿದೆ ಅಂದುಕೊಂಡೆ. ಒಂದು ಭಾನುವಾರ ಚಾಕ್‌ಪೀಸ್ ಹಿಡಿದು ಮೇಲೆ ಹತ್ತಿದೆ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ನೆರಳಿನ ಅಂಚಿಗೆ ಗೆರೆ ಎಳೆದೆ, ಪಕ್ಕದಲ್ಲಿ ಗಂಟೆ ಬರೆದೆ. ಹನ್ನೊಂದರ ಗೆರೆ ಪ್ಯಾನೆಲ್‌ನಿಂದ ದೂರ ಇತ್ತು. ಒಂದರ ಗೆರೆ ಪ್ಯಾನೆಲ್ ಸ್ಟ್ಯಾಂಡಿನ ಕಾಲು ಮುಟ್ಟಿತ್ತು. ಎರಡಕ್ಕೆ ಮುಂದಿನ ಸಾಲಿನ ಮೂರು ಪ್ಯಾನೆಲ್‌ಗಳಲ್ಲಿ ಎರಡರ ಮೇಲೆ ಟ್ಯಾಂಕಿನ ದುಂಡನೆಯ ನೆರಳು ಕೂತಿತ್ತು.

ಒಟ್ಟು ಆರರಲ್ಲಿ ಎರಡು ಪ್ಯಾನೆಲ್ ಹೋದರೆ ಉಳಿದ ನಾಲ್ಕು ಕೆಲಸ ಮಾಡ್ತಾವಲ್ಲ ಅನ್ನಬಹುದು. ಹಾಗಲ್ಲ. ಸಾಮಾನ್ಯ ಇನ್ವರ್ಟರ್‌ಗೆ ಪ್ಯಾನೆಲ್‌ಗಳನ್ನ ಒಂದರ ಬಾಲ ಇನ್ನೊಂದಕ್ಕೆ ಕಟ್ಟಿದ ಹಾಗೆ ಸಾಲಾಗಿ ಜೋಡಿಸಿರ್ತಾರೆ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದೂ ನಿಧಾನ ಆಗಲೇಬೇಕು. ಪ್ಯಾನೆಲ್ ಒಳಗೆ ಇದಕ್ಕೆ ಅಂತಲೇ ಡಯೋಡ್ ಇರ್ತಾವೆ, ಅವು ನಷ್ಟವನ್ನ ಸ್ವಲ್ಪ ತಡೀತಾವೆ, ಪೂರ್ತಿ ಅಲ್ಲ. ನೆರಳು ತಪ್ಪಿಸೋಕೆ ಆಗದ ಮಾಳಿಗೆಗೆ ಪ್ಯಾನೆಲ್‌ಗೆ ಒಂದರಂತೆ ಕೂಡಿಸೋ ಮೈಕ್ರೋ ಇನ್ವರ್ಟರ್ ಬರ್ತಾವೆ, ಖರ್ಚು ಜಾಸ್ತಿ. ನಾವು ಕೊನೆಗೆ ಮುಂದಿನ ಸಾಲನ್ನ ಬಿಚ್ಚಿಸಿ ಪೂರ್ವದ ಕಡೆ ಸರಿಸಿದೆವು. 11,000 ರೂಪಾಯಿ. ಟ್ಯಾಂಕ್ ಸರಿಸೋಕೆ ಅವ್ವ ಒಪ್ಪಲಿಲ್ಲ, ಅವಳ ಮನೆಯಲ್ಲಿ ಅವಳ ನಂಬಿಕೆಗೆ ಬೆಲೆ ಕೊಡಲೇಬೇಕು.

ನಿಮ್ಮ ಟ್ಯಾಂಕ್ ಅಷ್ಟೇ ನೋಡಿದರೂ ಸಾಲದು. ದಕ್ಷಿಣಕ್ಕೆ ಖಾಲಿ ಸೈಟ್ ಇದೆಯಾ? ಮೂವತ್ತು ನಲವತ್ತರ ಸೈಟಿನಲ್ಲಿ ಇವತ್ತು ಕಟ್ಟುವವರು ಎರಡು ಮಹಡಿಗೆ ಕಮ್ಮಿ ಕಟ್ಟೋದಿಲ್ಲ. ಪ್ಯಾನೆಲ್ 25 ವರ್ಷ ಕೂರೋ ವಸ್ತು. ಪಕ್ಕದವರ ತೆಂಗಿನ ಗಿಡ, ಮಾವಿನ ಗಿಡ ಅಷ್ಟು ವರ್ಷದಲ್ಲಿ ಎಲ್ಲಿಗೆ ಬೆಳೆಯುತ್ತೆ ಅಂತ ಯೋಚಿಸಿ. ಧಾರವಾಡದ ಹಳೇ ಬಡಾವಣೆಗಳಲ್ಲಿ ಗಿಡ ಜಾಸ್ತಿ, ಅದು ಆ ಊರಿನ ಚಂದ. ಸೋಲಾರ್‌ಗಾಗಿ ಒಂದು ಗಿಡ ಕಡೀಬೇಕಾಗಿ ಬಂದರೆ ನಾನಂತೂ ಸೋಲಾರ್ ಬಿಡು ಅಂತೀನಿ.

ಇನ್ನೊಂದು ಸಲ ದುಡ್ಡು ಕೊಟ್ಟದ್ದು ಸೋರಿಕೆಗೆ. ಕೂಡಿಸಿದವರು ಸ್ಟ್ಯಾಂಡಿನ ಕಾಲುಗಳನ್ನ ನೇರ ಸ್ಲ್ಯಾಬಿಗೇ ಡ್ರಿಲ್ ಹೊಡೆದು ಬೋಲ್ಟ್ ಹಾಕಿದ್ದರು. ನಾನು ಆ ದಿನ ಕೆಲಸಕ್ಕೆ ಹೋಗಿದ್ದೆ, ನೋಡಲಿಲ್ಲ. ಜೂನ್‌ನಲ್ಲಿ ಮಳೆ ಹಿಡೀತು. ನಾಲ್ಕನೇ ದಿನಕ್ಕೆ ಕೆಳಗಿನ ರೂಮಿನ ಚಾವಣಿಯಲ್ಲಿ, ಫ್ಯಾನಿನಿಂದ ಒಂದು ಗೇಣು ಆಚೆ, ಹಪ್ಪಳದಷ್ಟು ಅಗಲದ ತೇವ ಕಾಣಿಸ್ತು. ವಾರದಲ್ಲಿ ಅದು ತಾಟಿನಷ್ಟಾಯ್ತು. ಕೇಳಿದರೆ, ನಿಮ್ಮ ಸ್ಲ್ಯಾಬೇ ಹಳೇದು ಮೇಡಂ ಅಂದರು. ಸ್ಲ್ಯಾಬ್ ಹಳೇದೇ, 2003ರದ್ದು. ಆದರೆ ಇಪ್ಪತ್ತು ಮಳೆಗಾಲ ಸೋರದೇ ಇದ್ದದ್ದು ಆ ವರ್ಷ ಯಾಕೆ ಸೋರ್ತು?

ಹಾಗಾಗಿ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ: ಸ್ಲ್ಯಾಬಿಗೆ ತೂತು ಹೊಡೆಯಬಾರದು, ಮೇಲೆ ಸಿಮೆಂಟ್ ಕಟ್ಟೆ ಕಟ್ಟಿ ಅದರಲ್ಲಿ ಕಾಲು ನಿಲ್ಲಿಸಬೇಕು, ಹೊಡೆಯಲೇಬೇಕಾದರೆ ವಾಟರ್‌ಪ್ರೂಫಿಂಗ್ ಅವರದೇ ಜವಾಬ್ದಾರಿ. ಕೆಲಸ ನಡೆಯೋ ದಿನ ರಜೆ ಹಾಕಿಯಾದರೂ ಮನೆಯಲ್ಲಿರಿ. ಮಾಳಿಗೆಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು ಅಂತಿದ್ದರೆ ಸೋಲಾರ್‌ಗಿಂತ ಮೊದಲೇ ಮಾಡಿಸಿ. ಆಮೇಲೆ ಪ್ಯಾನೆಲ್ ಕೆಳಗೆ ಬಗ್ಗಿ ಬಗ್ಗಿ ಮಾಡಿಸೋದು ಬಹಳ ಕಷ್ಟ. ಒಂದೊಂದು ಪ್ಯಾನೆಲ್ ಏಳೂವರೆ ಅಡಿ ಉದ್ದ, ಮೂರೂ ಮುಕ್ಕಾಲು ಅಡಿ ಅಗಲ, 27-28 ಕೆಜಿ ಇರುತ್ತೆ. ಗಟ್ಟಿ ಆರ್‌ಸಿಸಿಗೆ ಇದೇನು ಭಾರ ಅಲ್ಲ. ಆದರೆ ಚಾವಣಿಯ ಸಿಮೆಂಟ್ ಉದುರಿ ತುಕ್ಕು ಹಿಡಿದ ರಾಡ್ ಕಾಣ್ತಿದ್ದರೆ ಮೊದಲು ಎಂಜಿನಿಯರ್‌ಗೆ ತೋರಿಸಿ. ಗದಗ, ಧಾರವಾಡದ ಹಳ್ಳಿಗಳಲ್ಲಿ ಇನ್ನೂ ಇರೋ ಜಂತಿ ಹಾಕಿದ ಮಣ್ಣಿನ ಮಾಳಿಗೆ ಮೇಲೆ ಇದನ್ನ ಹಾಕಿಸೋ ಮಾತೇ ಬೇಡ.

ಮಾಳಿಗೆ ಮೇಲೆ ಮನೆಯವರ ಹಕ್ಕೂ ಇದೆ. ನಮ್ಮ ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. "ಎಲ್ಲಾ ಖರೆ, ಶಂಡಿಗಿ ಎಲ್ಲೆ ಹಾಕ್ಲಿ ನಾ?" ಅದಕ್ಕೇ ಸ್ಟ್ಯಾಂಡನ್ನ ಮುಂದೆ ಆರು ಅಡಿ, ಹಿಂದೆ ಎಂಟು ಅಡಿ ಎತ್ತರಿಸಿ ಹಾಕಿಸಿದೆವು. ಈಗ ಕೆಳಗೆ ಬಟ್ಟೆ ಒಣಗ್ತಾವೆ, ಬೇಸಿಗೆ ಸಂಜೆ ಕೂತು ಮಾತಾಡ್ತೀವಿ. ಶಂಡಿಗೆ, ಹಪ್ಪಳ, ಶಾವಿಗೆಗೆ ಪೂರ್ವದಲ್ಲಿ ಹತ್ತಡಿ ಬಿಸಿಲಿನ ಜಾಗ ಬಿಟ್ಟಿದ್ದೆವು, ಸಾಲು ಸರಿಸಿದ ಮೇಲೆ ಅದು ಆರಡಿ ಆಗಿದೆ, ಅಷ್ಟರಲ್ಲೇ ಅವ್ವ ಹೊಂದಿಸಿಕೊಂಡಿದ್ದಾಳೆ. ಒಂದು ಲಾಭ ನಾನು ನೆನೆಸಿರಲಿಲ್ಲ. ಪ್ಯಾನೆಲ್ ನೆರಳಿಗೆ ಕೆಳಗಿನ ರೂಮು ಏಪ್ರಿಲ್‌ನಲ್ಲಿ ಎಷ್ಟೋ ತಂಪು.

ಆದರೆ ಎತ್ತರಿಸಿದರೆ ಗಾಳಿ ಹಿಡಿಯುತ್ತೆ. ಗದಗಿನ ಕಡೆಯವರಿಗೆ ಇದನ್ನ ಹೇಳೋದೇ ಬೇಡ, ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಆಷಾಢದ ಗಾಳಿಗೆ ಏಳೂವರೆ ಅಡಿ ಹಲಗೆ ಹಾಯಿ ಇದ್ದ ಹಾಗೆ. ಕಬ್ಬಿಣ ಎಷ್ಟು ದಪ್ಪ, ಗ್ಯಾಲ್ವನೈಸ್ ಮಾಡಿದ್ದಾ ಇಲ್ಲ ಬರೀ ಬಣ್ಣ ಬಳಿದದ್ದಾ, ಅಡ್ಡಪಟ್ಟಿ ಇದೆಯಾ, ಎಲ್ಲ ಕೇಳಿ. ಬಣ್ಣದ ಕಬ್ಬಿಣ ನಾಲ್ಕು ಮಳೆಗಾಲಕ್ಕೇ ತುಕ್ಕು ಹಿಡಿಯುತ್ತೆ. ಅಡ್ಡಮಳೆ ಹೊತ್ತಿನ ಸಿಡಿಲಿಗೆ ಲೈಟ್ನಿಂಗ್ ಅರೆಸ್ಟರ್ ಬೇಕೇ ಬೇಕು, ಅದಕ್ಕೆ ಬೇರೆ ಅರ್ಥಿಂಗ್, ಪ್ಯಾನೆಲ್ ಕಡೆಗೆ ಒಂದು, ಮನೆ ಕರೆಂಟಿನ ಕಡೆಗೆ ಒಂದು, ಒಟ್ಟು ಮೂರು ಗುಂಡಿ. ಮೂರಕ್ಕೂ ಸೇರಿಸಿ ಒಂದೇ ಗುಂಡಿ ತೋಡಿ ಮುಗಿಸೋರು ಇದ್ದಾರೆ, ನಿಂತು ನೋಡಿ. ಆಲಿಕಲ್ಲಿಗೆ ಅಷ್ಟು ಹೆದರಬೇಡಿ, ಒಳ್ಳೇ ಪ್ಯಾನೆಲ್‌ಗಳನ್ನ 25 ಮಿಲಿಮೀಟರ್ ಗಾತ್ರದ ಮಂಜುಗಡ್ಡೆ ಹೊಡೆದು ಪರೀಕ್ಷೆ ಮಾಡಿರ್ತಾರೆ.

ಇನ್ನು ದುಡ್ಡಿನ ಲೆಕ್ಕ. ಫೆಬ್ರವರಿ 2024ರಲ್ಲಿ ಬಂದ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3ಕ್ಕೆ 78,000 ರೂಪಾಯಿ ಸಬ್ಸಿಡಿ. ಅಲ್ಲಿಗೆ ಮುಗೀತು. 5 ಹಾಕಿದರೂ 10 ಹಾಕಿದರೂ ಅದೇ 78,000. ಹಾವೇರಿಯ ನಮ್ಮ ತಮ್ಮನಿಗೆ 5 ಕಿಲೋವ್ಯಾಟ್ ಹಾಕಿಸಿ, ಸಬ್ಸಿಡಿ ಪೂರ್ತಿ ಸಿಗುತ್ತೆ ಅಂದಿದ್ದಾರೆ. ಮಾತು ಸುಳ್ಳಲ್ಲ, ಆದರೆ 3ಕ್ಕೂ ಪೂರ್ತಿಯೇ ಸಿಗುತ್ತೆ.

ಅವನಿಗೆ ಎಷ್ಟು ಬೇಕು ಅಂತ ನೋಡೋಣ. ಒಂದು ಕಿಲೋವ್ಯಾಟ್ ನಮ್ಮ ಕಡೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ, ತಿಂಗಳಿಗೆ 120. ನಮ್ಮ 3 ಕಿಲೋವ್ಯಾಟ್ ಹೋದ ಮಾರ್ಚ್‌ನಲ್ಲಿ 415 ಯೂನಿಟ್ ಕೊಟ್ಟಿತ್ತು, ಜುಲೈನಲ್ಲಿ ಮೋಡ ಮುಚ್ಚಿ 240. ಬಿಸಿಲು ಸುಡ್ತಿದ್ದರೆ ಕರೆಂಟ್ ಜಾಸ್ತಿ ಅಂತಲೂ ಅಲ್ಲ, 25 ಡಿಗ್ರಿ ದಾಟಿದ ಮೇಲೆ ಪ್ಯಾನೆಲ್ ಕಾಯ್ದಷ್ಟೂ ಒಂದೊಂದು ಡಿಗ್ರಿಗೆ ಶೇಕಡಾ 0.35ರ ಆಸುಪಾಸು ಕಮ್ಮಿ ಆಗುತ್ತೆ. ತಮ್ಮನ ಮನೆಯಲ್ಲಿ ಎಸಿ ಬಂದ ಮೇಲೆ ಬೇಸಿಗೆಯಲ್ಲಿ 240 ಯೂನಿಟ್ ಆಗುತ್ತಂತೆ. ಅಂದರೆ 2 ಕಿಲೋವ್ಯಾಟ್ ಸಾಕು. 5 ಹಾಕಿಸಿದರೆ ಮಿಕ್ಕಿದ್ದೆಲ್ಲ ನಮಗೆ ಕರೆಂಟ್ ಕೊಡೋ ಹೆಸ್ಕಾಂ ಕಂಪನಿಯ ಲೈನಿಗೆ ಹೋಗುತ್ತೆ, ಅದಕ್ಕೆ ಸಿಗೋ ದರ ನಾವು ಕೊಡೋ ಸುಮಾರು ಆರು ರೂಪಾಯಿಗಿಂತ ಕಡಿಮೆ. ಮಾರಿ ದುಡ್ಡು ಮಾಡೋಣ ಅಂತ ದೊಡ್ಡದು ಹಾಕಿಸಬೇಡಿ. ನಿಮ್ಮ ಒಂದು ವರ್ಷದ ಬಿಲ್ಲು ಹರವಿಕೊಂಡು ಕೂತು ಸರಾಸರಿ ತೆಗೀರಿ, ಅಷ್ಟಕ್ಕೆ ಹಾಕಿಸಿ.

ಇಲ್ಲಿ ಗೃಹಜ್ಯೋತಿ ಮಾತೂ ಬರಬೇಕು. ನಿಮ್ಮ ಮನೆಗೆ ಈಗ ಸೊನ್ನೆ ಬಿಲ್ಲು ಬರ್ತಿದೆಯಾ? 80-90 ಯೂನಿಟ್ ಬಳಸೋ ಮನೆಗೆ ಸೋಲಾರ್ ಏನು ಉಳಿಸುತ್ತೆ? ಉಳಿಸೋಕೆ ಬಿಲ್ಲೇ ಇಲ್ಲ. 2022-23ರ ಸರಾಸರಿಗೆ ಶೇಕಡಾ 10 ಸೇರಿಸಿ ನಿಮ್ಮ ಉಚಿತ ಯೂನಿಟ್ ಗೊತ್ತು ಮಾಡಿರ್ತಾರೆ, 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಹಾಗಾಗಿ ವರ್ಷದಲ್ಲಿ ಎಷ್ಟು ತಿಂಗಳು 200 ದಾಟ್ತೀರಿ ಅನ್ನೋದೇ ಮುಖ್ಯ. ಬರೀ ಏಪ್ರಿಲ್, ಮೇ ಮಾತ್ರ ದಾಟೋದಾದರೆ ಲಕ್ಷ ರೂಪಾಯಿ ಹಾಕೋ ಮೊದಲು ಇನ್ನೊಂದು ಸಲ ಯೋಚಿಸಿ. ನಿಮ್ಮ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಬಿಲ್ಲು ಹಿಡಕೊಂಡು ಹೋಗಿ ಎರಡೂ ಲೆಕ್ಕ ಒಟ್ಟಿಗೆ ಕೇಳಿ ಬನ್ನಿ.

ಇವತ್ತೇ ಬುಕ್ ಮಾಡಿ, ಸಬ್ಸಿಡಿ ಮುಗಿಯುತ್ತೆ ಅಂತ ಫೋನ್ ಮಾಡ್ತಾರೆ. ಯೋಜನೆ 2026-27ರವರೆಗೆ ಇದೆ. ಒಂದು ವಾರದಲ್ಲಿ ಏನೂ ಆಗೋದಿಲ್ಲ. ಸಬ್ಸಿಡಿ ಬೇಕಾದರೆ ಡಿಸಿಆರ್ ಪ್ಯಾನೆಲ್ಲೇ ಆಗಬೇಕು, ಅಂದರೆ ಒಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು. ಕಮ್ಮಿ ರೇಟಿಗೆ ಕೊಡ್ತೀವಿ ಅಂದವರ ಹತ್ತಿರ ಮೊದಲು ಇದನ್ನ ಕೇಳಿ. ಸಬ್ಸಿಡಿ ಬರೋದು ಎಲ್ಲ ಕೂಡಿಸಿ, ನೆಟ್ ಮೀಟರ್ (ಒಳಗೆ ಬಂದ ಕರೆಂಟು, ಹೊರಗೆ ಹೋದ ಕರೆಂಟು ಎರಡನ್ನೂ ಬೇರೆ ಬೇರೆ ಎಣಿಸೋ ಮೀಟರ್) ಹಾಕಿ, ತಪಾಸಣೆ ಮುಗಿದ ಮೇಲೆ, ನೇರ ನಿಮ್ಮ ಬ್ಯಾಂಕ್ ಖಾತೆಗೆ. ಅಲ್ಲಿವರೆಗೆ ಪೂರ್ತಿ ದುಡ್ಡು ನೀವೇ ಹೊಂದಿಸಬೇಕು, ಇಲ್ಲ ಬ್ಯಾಂಕ್ ಸಾಲ ತಗೋಬೇಕು.

ಕಾಗದದ್ದು ಸಣ್ಣದು, ಆದರೆ ಬಹಳ ಮನೆಗಳಲ್ಲಿ ಕೆಲಸ ನಿಲ್ಲೋದು ಅಲ್ಲೇ. ಆರ್‌ಆರ್ ನಂಬರ್, ಅಂದರೆ ಕರೆಂಟ್ ಕನೆಕ್ಷನ್ ನಂಬರ್, ಯಾರ ಹೆಸರಲ್ಲಿದೆ? ತೀರಿಹೋದ ಅಜ್ಜನ ಹೆಸರಲ್ಲೇ ಇನ್ನೂ ಬಿಲ್ಲು ಬರ್ತಿದ್ದರೆ ಮೊದಲು ಹೆಸರು ಬದಲಾಯಿಸಿಕೊಳ್ಳಿ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಮಾಳಿಗೆ ಎಲ್ಲರದೂ, ಸಂಘದ ಒಪ್ಪಿಗೆ ಬೇಕು.

ಇನ್ನೊಂದು, ನೆಟ್ ಮೀಟರ್ ಬರೋ ಮೊದಲು ಚಾಲೂ ಮಾಡಿ ನೋಡೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಹಳೇ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಕೆಲವು, ನೀವು ಹೊರಗೆ ಕಳಿಸಿದ ಕರೆಂಟನ್ನೂ ನೀವೇ ಬಳಸಿದ್ದು ಅಂತ ಎಣಿಸಿಬಿಡ್ತಾವೆ.

ಎಲ್ಲರೂ ತಪ್ಪು ತಿಳಿಯೋ ಸಂಗತಿ ಒಂದಿದೆ. ನಮ್ಮ ಓಣಿಯಲ್ಲಿ ಕರೆಂಟ್ ಹೋದಾಗ ಪಕ್ಕದ ಮನೆ ಕಾಕಾ ಕೇಳಿದರು, "ಮ್ಯಾಲೆ ಅಷ್ಟು ಬಿಸಿಲು ಬಿದ್ದೈತಿ, ನಿಮ್ಮನ್ಯಾಗೂ ಕರೆಂಟ್ ಇಲ್ಲೇನವಾ?" ಇಲ್ಲ ಕಾಕಾ. ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನಿನ ಕರೆಂಟ್ ಹೋದ ತಕ್ಷಣ ತಾನೂ ಬಂದಾಗುತ್ತೆ. ಹಾಗೇ ಮಾಡಿರೋದು. ಕಂಬದ ಮೇಲೆ ಲೈನ್‌ಮನ್ ಹತ್ತಿರ್ತಾನೆ, ಲೈನ್ ಆಫ್ ಇದೆ ಅಂತ ನಂಬಿ ತಂತಿ ಮುಟ್ತಾನೆ. ಆಗ ನಮ್ಮ ಮಾಳಿಗೆಯಿಂದ ಕರೆಂಟ್ ಹರಿದರೆ ಅವನ ಜೀವ ಹೋಗುತ್ತೆ. ನನಗೆ ಇದು ಗೊತ್ತಾದ ಮೇಲೆ ಕರೆಂಟ್ ಇಲ್ಲದ ಮಧ್ಯಾಹ್ನಗಳ ಬಗ್ಗೆ ಬೇಸರ ಹೋಯ್ತು. ಕರೆಂಟ್ ಹೋದಾಗಲೂ ಬೇಕೇ ಬೇಕು ಅನ್ನೋರು ಬ್ಯಾಟರಿ ಇರೋ ಹೈಬ್ರಿಡ್ ಹಾಕಿಸಬೇಕು, ಖರ್ಚು ಬಹಳ ಏರುತ್ತೆ, ಬ್ಯಾಟರಿ ಕೆಲವು ವರ್ಷಕ್ಕೆ ಬದಲಿಸಬೇಕು. ಮನೆಯಲ್ಲಿ ಈಗಾಗಲೇ ಇರೋ ಯುಪಿಎಸ್ ಎರಡು ಫ್ಯಾನು, ನಾಲ್ಕು ಲೈಟಿಗೆ ಸಾಕು, ಅದು ಹಾಗೇ ಇರಲಿ.

ಹಾಕಿಸಿದ ಮೇಲಿನ ಕೆಲಸ ಅಂದರೆ ತೊಳೆಯೋದು. ಹುಬ್ಬಳ್ಳಿ ಧೂಳು ನಿಮಗೆ ಗೊತ್ತು. ಹದಿನೈದು ದಿನ ಬಿಟ್ಟರೆ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೀಬಹುದು. ಬೋರ್ ನೀರಲ್ಲಿ ತೊಳೆದರೆ ಆರಿದ ಮೇಲೆ ಬಿಳಿ ಕಲೆ ಉಳಿಯುತ್ತೆ, ಗದಗಿನ ಗಡಸು ನೀರಾದರೆ ಕೇಳೋದೇ ಬೇಡ. ನಾನು ನಲ್ಲಿ ನೀರು ಬಂದ ದಿನ ಎರಡು ಬಕೆಟ್ ಎತ್ತಿಟ್ಟು, ಮರುದಿನ ಬಿಸಿಲು ಏರೋ ಮೊದಲು ಮೆತ್ತನೆಯ ವೈಪರ್‌ನಲ್ಲಿ ಒರೆಸ್ತೀನಿ. ಕಾಯ್ದ ಗಾಜಿಗೆ ತಣ್ಣೀರು ಸುರೀಬೇಡಿ. ಹೀಗೆ ತೊಳೀತಾ ಇರಬೇಕಾದ್ದರಿಂದ ಎತ್ತರದ ಸ್ಟ್ಯಾಂಡ್ ಹಾಕಿಸೋರು ಕೈಗೆ ಎಟಕುತ್ತಾ, ಹತ್ತಿ ನಿಲ್ಲೋಕೆ ಪಟ್ಟಿ ಇದೆಯಾ ಅಂತ ಮೊದಲೇ ನೋಡಬೇಕು. ಮಂಗಗಳು ವಯರ್ ಎಳೀತಾವೆ, ಪೈಪಿನೊಳಗೆ ಹಾಕಿಸಿ. ಪಾರಿವಾಳ ಗೂಡು ಕಟ್ಟುತ್ತೆ, ಅಂಚಿಗೆ ಜಾಳಿಗೆ ಹಾಕಿಸಿ.

ತಮ್ಮನಿಗೆ ಮತ್ತೆ ಫೋನ್ ಮಾಡಿದ್ದೆ. ಇದು ಜನವರಿ, ನೆರಳು ಇನ್ನೂ ಉದ್ದ ಇದೆ, ನೋಡೋಕೆ ಇದೇ ಸರಿಯಾದ ಹೊತ್ತು. ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಬರ್ತೀನಿ, ಅಳೆಯೋ ಟೇಪು, ಚಾಕ್‌ಪೀಸ್ ನಾನೇ ತರ್ತೀನಿ ಅಂದೆ. "ಬಾ ಅಕ್ಕಾ, ಆದ್ರ ಮಾಳಗಿ ತುಂಬ ಅವ್ವ ಬ್ಯಾಡಗಿ ಮೆಣಸಿನಕಾಯಿ ಹರವ್ಯಾಳ, ಗೆರಿ ಎಲ್ಲೆ ಹೊಡೀತಿ?" ಅಂದ. ಚಿಗವ್ವ ಹಿಂದಿನಿಂದ, ದಕ್ಷಿಣದ ಕಡೆ ಶನಿವಾರ ಸಂಜೆಯೇ ಬಳಿದು ಇಡ್ತೀನಿ, ಉತ್ತರದ್ದು ಮಾತ್ರ ಮುಟ್ಟಬೇಡ್ರಿ, ಇನ್ನೂ ಹಸಿ ಐತಿ ಅಂತ ಕೂಗಿ ಹೇಳಿದಳು.